ಪ್ರಶ್ನೆ ಕೇಳುವ ಮಕ್ಕಳಿಗೆ ಉತ್ತರ ಕೊಡಿ: ಕನ್ನಡ ಸಭೆಗಳ ಪಾಲಕರಿಗೂ ಹಿರಿಯರಿಗೂ ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯರಾದ ಸಭಾಪಾಲಕರೇ, ಹಿರಿಯರೇ,

ಯೌವನಸ್ಥರು ಸಭೆ ಬಿಟ್ಟು ಹೋಗುತ್ತಿದ್ದಾರೆ ಅಂತ ನೀವು ಪ್ರಸಂಗದಲ್ಲಿ ನೊಂದು ಹೇಳುತ್ತೀರಿ. ಮೊಬೈಲ್ ಕಾರಣ, ಬೆಂಗಳೂರಿನ ಕೆಲಸ ಕಾರಣ, ಲೋಕದ ಆಸೆ ಕಾರಣ ಅನ್ನುತ್ತೀರಿ. ಅದರಲ್ಲಿ ನಿಜ ಇಲ್ಲದಿಲ್ಲ. ಆದರೆ ಸಂಡೇ ಸ್ಕೂಲಿನಲ್ಲಿ ಇವರಿಗೆ ಕಲಿಸಿದವಳಾಗಿ ನಾನು ಇನ್ನೊಂದು ಕಾರಣ ಹೇಳಲೇಬೇಕು. ಹೋದವರಲ್ಲಿ ಅನೇಕರು ಹೋಗುವ ಮೊದಲು ಪ್ರಶ್ನೆ ಕೇಳಿದ್ದರು. ಅವರಿಗೆ ಸಿಕ್ಕಿದ ಉತ್ತರ ಒಂದೇ: "ಸುಮ್ನೆ ನಂಬು, ಜಾಸ್ತಿ ಯೋಚನೆ ಮಾಡಬೇಡ, ಸೈತಾನ ನಿನ್ನ ಮನಸ್ಸು ಕೆಡಿಸುತ್ತಿದ್ದಾನೆ."

ಈ ಮಾತನ್ನು ಸತ್ಯವೇದ ಎಲ್ಲಿ ಹೇಳುತ್ತದೆ? ನನಗಂತೂ ಸಿಕ್ಕಿಲ್ಲ. ಪೇತ್ರನ ಮೊದಲ ಪತ್ರ 3:15ರಲ್ಲಿ ಇದಕ್ಕೆ ತದ್ವಿರುದ್ಧ ಮಾತಿದೆ. ನಿಮ್ಮ ನಿರೀಕ್ಷೆಗೆ ಆಧಾರ ಏನು ಅಂತ ಯಾರೇ ಕೇಳಲಿ, ಉತ್ತರ ಹೇಳಲು ಯಾವಾಗಲೂ ಸಿದ್ಧವಾಗಿರಿ, ಸೌಮ್ಯವಾಗಿ ಹೇಳಿ ಅಂತ ಪೇತ್ರ ಬರೆಯುತ್ತಾನೆ. ಬೆರೋಯ ಪಟ್ಟಣದವರು ಅಪೊಸ್ತಲ ಪೌಲ ಹೇಳಿದ್ದನ್ನೂ ಹಾಗೇ ಒಪ್ಪಲಿಲ್ಲ. ದಿನಾ ಶಾಸ್ತ್ರ ತೆರೆದು, ಇವನು ಹೇಳುವುದು ಹೌದಾ ಅಂತ ನೋಡಿದರು. ಅದಕ್ಕೇ ಅವರನ್ನು ಸದ್ಗುಣವುಳ್ಳವರು ಅಂತ ಹೊಗಳಿ ಬರೆಯಲಾಗಿದೆ. ಅಪೊಸ್ತಲನನ್ನೇ ಪರೀಕ್ಷಿಸಿದವರು ಒಳ್ಳೆಯವರಾದರೆ, ಪಾಸ್ಟರ್‌ಗೆ ಪ್ರಶ್ನೆ ಕೇಳಿದ ಹುಡುಗಿ ಹೇಗೆ ಅವಿಶ್ವಾಸಿ ಆಗುತ್ತಾಳೆ?

ನಮ್ಮ ಮಕ್ಕಳು ಕೇಳುವುದು ಏನು ಅಂತ ನಿಮಗೆ ಗೊತ್ತಿರಲಿ ಅಂತ ಒಂದೆರಡನ್ನು ಬರೆಯುತ್ತೇನೆ.

ಜಾಸ್ತಿ ಬರುವ ಪ್ರಶ್ನೆ ಕಾಶ್ಮೀರದ್ದು. ಯೇಸು ಯೌವನದಲ್ಲಿ ಭಾರತಕ್ಕೆ ಬಂದು ಕಲಿತುಹೋದನಂತೆ, ಲಡಾಖಿನ ಮಠದಲ್ಲಿ ಅದರ ದಾಖಲೆ ಇದೆಯಂತೆ, ಹೌದಾ ಮಿಸ್? ಇದು ಈಗಿನ ಯೂಟ್ಯೂಬ್ ಹುಟ್ಟಿಸಿದ ಕಥೆ ಅಲ್ಲ. 1894ರಲ್ಲಿ ನಿಕೊಲಾಯ್ ನೊಟೊವಿಚ್ ಎಂಬ ರಷ್ಯನ್ ಫ್ರೆಂಚ್‌ನಲ್ಲಿ ಒಂದು ಪುಸ್ತಕ ಹೊರತಂದ. ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಜೀವನಚರಿತ್ರೆಯ ಹಸ್ತಪ್ರತಿಯನ್ನು ತನಗೆ ಓದಿ ಹೇಳಿದರು ಅಂದ. ಮರುವರ್ಷವೇ ಆಗ್ರಾದ ಸರ್ಕಾರಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಹೆಮಿಸ್‌ಗೇ ಹೋದರು. ಮಠದ ಮುಖ್ಯ ಲಾಮಾ ಅಂಥ ಪುಸ್ತಕ ನಮ್ಮಲ್ಲಿಲ್ಲ, ಅಂಥದ್ದನ್ನು ಯಾರಿಗೂ ಓದಿ ಹೇಳಿಲ್ಲ ಅಂದರು. ಸಂಸ್ಕೃತ ಪಂಡಿತ ಮ್ಯಾಕ್ಸ್ ಮುಲ್ಲರ್ ಕೂಡ ಆ ಕಥೆಯನ್ನು ನಂಬಲಿಲ್ಲ. ನೋಡಿ, ಉತ್ತರ ಇಷ್ಟೇ. ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಸಭೆ ಕೊಡದೆ ಇದ್ದಾಗ ಹುಡುಗರು ಇಪ್ಪತ್ತು ವಿಡಿಯೋ ನೋಡುತ್ತಾರೆ.

ಎರಡನೆಯದು ಕಾನ್‌ಸ್ಟಂಟೈನ್ ಪ್ರಶ್ನೆ. ರೋಮ್ ಚಕ್ರವರ್ತಿ 325ರಲ್ಲಿ ನೈಸಿಯಾದಲ್ಲಿ ಬಿಷಪರ ಸಭೆ ಕರೆದು, ಓಟು ಹಾಕಿಸಿ ಯೇಸುವನ್ನು ದೇವರು ಮಾಡಿದನಂತೆ. ಬೈಬಲಿಗೆ ಯಾವ ಪುಸ್ತಕ ಬೇಕು, ಯಾವುದು ಬೇಡ ಅಂತ ಅಲ್ಲೇ ತೀರ್ಮಾನವಾಯಿತಂತೆ. ಒಂದು ಕಾದಂಬರಿಯಿಂದ ಹಬ್ಬಿದ ಈ ಮಾತನ್ನು ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಇತಿಹಾಸ ಅಂತಲೇ ತಿಳಿದಿದ್ದಾರೆ. ನೈಸಿಯಾ ಸಭೆಯ 20 ನಿಯಮಗಳು ಇವತ್ತಿಗೂ ಓದಲು ಸಿಗುತ್ತವೆ. ಅವುಗಳಲ್ಲಿ ಒಂದೂ ಬೈಬಲಿನ ಪುಸ್ತಕಗಳ ಪಟ್ಟಿಯ ಬಗ್ಗೆ ಇಲ್ಲ. ನಾಲ್ಕೇ ಸುವಾರ್ತೆಗಳು ಅಂತ ಐರೇನಿಯಸ್ ಎಂಬ ಬಿಷಪ್ ಬರೆದದ್ದು ಸುಮಾರು 180ರಲ್ಲಿ. ಕಾನ್‌ಸ್ಟಂಟೈನ್ ಆಗಿನ್ನೂ ಹುಟ್ಟೇ ಇರಲಿಲ್ಲ. ಯೇಸು ದೇವರು ಅನ್ನುವುದೂ ಆ ಸಭೆಯಲ್ಲಿ ಹುಟ್ಟಿದ ಮಾತಲ್ಲ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಈ ಕ್ರೈಸ್ತರು ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಅಂತ ಅದರಲ್ಲಿ ತಿಳಿಸಿದ. ಅವನು ನಮ್ಮವನಲ್ಲ. ನಮ್ಮವರನ್ನು ವಿಚಾರಣೆ ಮಾಡಿ ಶಿಕ್ಷೆ ಕೊಡುತ್ತಿದ್ದವನು. ಹಾಗಾದರೆ ನೈಸಿಯಾದಲ್ಲಿ ಜಗಳ ಯಾವುದರ ಬಗ್ಗೆ? ದೇವರ ಮಗನು ಸೃಷ್ಟಿಯಾದವನು ಅಂತ ಅರಿಯಸ್ ಎಂಬ ಪಾದ್ರಿ ಹೇಳಿದ. ಅದು ಕ್ರೈಸ್ತ ಸಭೆ ಮೊದಲಿಂದ ನಂಬಿದ್ದಲ್ಲ ಅಂತ ಉಳಿದವರು ಹೇಳಿದರು. ಕೊನೆಗೆ ಅರಿಯಸ್ ಪರ ನಿಂತ ಬಿಷಪರು ಇಬ್ಬರೇ. ಇದನ್ನೆಲ್ಲ ದೃಢೀಕರಣದ (ಕನ್ಫರ್ಮೇಷನ್) ತರಗತಿಯಲ್ಲಿ ಒಂದು ಗಂಟೆ ಹೇಳಿದರೆ ಸಾಕು, ಅಲ್ವಾ?

ಬೈಬಲನ್ನು ತಿದ್ದಿದ್ದಾರೆ ಅನ್ನುವ ಮಾತು ಇನ್ನೊಂದು. ಇಲ್ಲಿ ನಾವು ಪೂರ್ತಿ ಪ್ರಾಮಾಣಿಕವಾಗಿ ಇರಬೇಕು. ಒಂದಕ್ಷರವೂ ವ್ಯತ್ಯಾಸ ಇಲ್ಲ ಅಂತ ವೇದಿಕೆಯಿಂದ ಹೇಳಬೇಡಿ. ಮಾರ್ಕನ 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ನಾಲ್ಕನೆಯ ಶತಮಾನದ ಎರಡು ಪ್ರಸಿದ್ಧ ಪ್ರತಿಗಳಲ್ಲಿ ಇಲ್ಲ. ಸಿನೈಟಿಕಸ್‌ನಲ್ಲೂ ಇಲ್ಲ, ವ್ಯಾಟಿಕನಸ್‌ನಲ್ಲೂ ಇಲ್ಲ. ಇದನ್ನು ನಮ್ಮ ಹುಡುಗ ಮೊದಲು ನಿಮ್ಮಿಂದ ಕೇಳಬೇಕು. ಸಭೆಯನ್ನು ಹಂಗಿಸುವವರಿಂದ ಕೇಳಿದರೆ, ನೀವು ಮುಚ್ಚಿಟ್ಟಿರಿ ಅಂದುಕೊಳ್ಳುತ್ತಾನೆ. ವ್ಯತ್ಯಾಸ ಎಲ್ಲಿದೆ ಅಂತ ನಮಗೆ ಇಷ್ಟು ಚೆನ್ನಾಗಿ ಗೊತ್ತಾಗಿರುವುದೇ ಪ್ರತಿಗಳು ಅಷ್ಟೊಂದು ಇರುವುದರಿಂದ. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹದ ಪ್ರತಿಗಳೇ 5,000ಕ್ಕೂ ಹೆಚ್ಚು. ಒಬ್ಬ ರಾಜ ಕೂತು ಎಲ್ಲವನ್ನೂ ತಿದ್ದಿಸಲು ಸಾಧ್ಯವೇ ಇರಲಿಲ್ಲ. ಅವು ಈಜಿಪ್ಟಿನಲ್ಲಿ, ಸಿರಿಯಾದಲ್ಲಿ, ರೋಮ್‌ನಲ್ಲಿ ಹರಡಿಹೋಗಿದ್ದವು. ಹಳೇ ಒಡಂಬಡಿಕೆಯ ವಿಷಯದಲ್ಲಿ 1947ರಲ್ಲಿ ಲವಣ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಯೆಶಾಯನ ಸುರುಳಿಯ ಕಥೆಯನ್ನು ಹೇಳಿ. ಅಲ್ಲಿಯವರೆಗೆ ನಮ್ಮಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದಲ್ಲಿ, ಸಣ್ಣಪುಟ್ಟ ಪದಗಳಲ್ಲಿ ವ್ಯತ್ಯಾಸ ಇದೆ. ಆದರೆ ಓದಿದರೆ ಅದೇ ಯೆಶಾಯ.

ಈ ಎಲ್ಲದರ ನಡುವೆ ಪುನರುತ್ಥಾನ ಇದೆ. ಕ್ರಿಸ್ತನು ಎದ್ದು ಬಂದಿಲ್ಲವಾದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಅಂತ ಪೌಲನೇ ಕೊರಿಂಥದವರಿಗೆ ಬರೆದ. ಎಷ್ಟು ಧೈರ್ಯದ ಮಾತು ಇದು! ಸುಳ್ಳಾದರೆ ಬಿಟ್ಟುಬಿಡಿ ಅನ್ನುವಷ್ಟು ದೂರ ಹೋಗಿದ್ದಾನೆ. ಆ ಪತ್ರ ಸುಮಾರು 55ನೇ ಇಸವಿಯದು. ಯೇಸುವನ್ನು ಶಿಲುಬೆಗೆ ಹಾಕಿ ಆಗ ಇಪ್ಪತ್ತೈದು ವರ್ಷವೂ ಸರಿಯಾಗಿ ದಾಟಿರಲಿಲ್ಲ. ಐನೂರಕ್ಕಿಂತ ಹೆಚ್ಚು ಮಂದಿಗೆ ಆತ ಕಾಣಿಸಿಕೊಂಡ, ಅವರಲ್ಲಿ ಬಹಳ ಜನ ಇನ್ನೂ ಬದುಕಿದ್ದಾರೆ ಅಂತ ಪೌಲ ಬರೆಯುತ್ತಾನೆ. ಹೋಗಿ ಕೇಳಿ ನೋಡಿ ಅಂದಹಾಗೆ. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಅಂತ ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಕಟ್ಟುಕಥೆ ಹೆಣೆಯುವವನು ಗೌರವಸ್ಥ ಗಂಡಸರನ್ನು ಅಲ್ಲಿ ನಿಲ್ಲಿಸುತ್ತಿದ್ದ. ಇವರು ಆದದ್ದನ್ನು ಆದ ಹಾಗೇ ಬರೆದರು. ನನ್ನ ನಂಬಿಕೆ ನಿಂತಿರುವುದು ಇಲ್ಲಿ. ಮಕ್ಕಳೂ ಇಲ್ಲಿ ನಿಲ್ಲಲಿ ಅನ್ನುವುದೇ ನನ್ನ ಆಸೆ.

ಆದದ್ದನ್ನು ಆದ ಹಾಗೆ ಹೇಳುವ ನಂಬಿಕೆ ನಮ್ಮದು. ಹಾಗಿದ್ದಮೇಲೆ ಸಭೆಯಲ್ಲಿ ಹರಿದಾಡುವ ಸುಳ್ಳುಗಳನ್ನು ದಯವಿಟ್ಟು ನಿಲ್ಲಿಸಿ. ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ಆ ದಿನವನ್ನು ನಾಸಾ ಕಂಪ್ಯೂಟರಿನಲ್ಲಿ ಕಂಡುಹಿಡಿಯಿತು ಅನ್ನುವ ಸಂದೇಶ ಎಷ್ಟು ಗುಂಪುಗಳಲ್ಲಿ ಬರುತ್ತದೆ! ನಾಸಾ ಅಂಥದ್ದೇನೂ ಕಂಡುಹಿಡಿದಿಲ್ಲ. ಅರ್ಧ ಶತಮಾನದಿಂದ ಸುತ್ತುತ್ತಿರುವ ಸುಳ್ಳು ಅದು. ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಗಾಲಿಗಳು ಸಿಕ್ಕಿವೆ ಅನ್ನುವುದಕ್ಕೂ ಯಾವ ಪುರಾತತ್ವ ತಜ್ಞರ ಪುರಾವೆಯೂ ಇಲ್ಲ. ಇವನ್ನು ಹಂಚುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೇಳಿ. ಮೊದಲ ವರ್ಷದ ಬಿ.ಎಸ್ಸಿ. ಹುಡುಗಿ ಮೊಬೈಲ್ ತೆಗೆದು ಹುಡುಕುತ್ತಾಳೆ. ನಾಸಾದ ಕಥೆ ಸುಳ್ಳು ಅಂತ ಗೊತ್ತಾಗುತ್ತದೆ. ಮುಂದಿನ ಭಾನುವಾರ ಅದೇ ಬಾಯಿ ಕ್ರಿಸ್ತನು ಎದ್ದನು ಅಂತ ಹೇಳಿದರೆ ಅವಳು ಯಾಕೆ ನಂಬಬೇಕು? ಸುಳ್ಳುಸಾಕ್ಷಿ ಹೇಳಬೇಡ ಅನ್ನುವ ಆಜ್ಞೆಯಲ್ಲಿ, ದೇವರ ಪರವಾಗಿಯಾದರೆ ಹೇಳಬಹುದು ಅನ್ನುವ ರಿಯಾಯಿತಿ ಇಲ್ಲ.

ಇನ್ನು ವಾಗ್ದಾನದ ಕಾರ್ಡುಗಳು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಿಂದ ಬೈಬಲ್ ವಚನ ಬರೆದ ಒಂದೊಂದು ಕಾರ್ಡ್ ಎತ್ತಿಕೊಳ್ಳುತ್ತೇವೆ. ಅದು ನಮಗೆಲ್ಲ ಪ್ರೀತಿಯ ರೂಢಿ. ಅದನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಅದರಲ್ಲಿ ಯೆರೆಮೀಯ 29:11 ಬಂದರೆ ಏನಾಗುತ್ತದೆ ನೋಡಿ. ನಿಮಗೆ ಕೇಡಲ್ಲ, ಹಿತವನ್ನೇ ಯೋಚಿಸಿದ್ದೇನೆ ಅನ್ನುವ ವಚನ. ತಕ್ಷಣ ಮನೆ, ಮದುವೆ, ವೀಸಾ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಅದರ ಹಿಂದಿನ ವಚನವನ್ನು ಯಾರೂ ಓದುವುದಿಲ್ಲ. ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಅಂತ ಅಲ್ಲಿದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ. ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಸೆರೆಯಲ್ಲೇ ಸಾಯುವವರು. ಅವರಿಗೆ ದೇವರು ಹೇಳಿದ್ದು: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯಿಟ್ಟ ಆ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ.

ಅದಕ್ಕೂ ಒಂದು ಅಧ್ಯಾಯ ಮೊದಲು ಹನನ್ಯ ಎಂಬ ಪ್ರವಾದಿ ಇದ್ದಾನೆ. ಅವನು ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷ, ಬಾಬೆಲಿಗೆ ಹೊತ್ತೊಯ್ದ ದೇವಾಲಯದ ವಸ್ತುಗಳೆಲ್ಲಾ ವಾಪಸ್ ಬರುತ್ತವೆ ಅಂದ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದುಹಾಕಿದ. ಜನರಿಗೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯನಿಗೂ ಅದೇ ಬೇಕಿತ್ತು. "ಆಮೆನ್, ಕರ್ತನು ಹಾಗೇ ಮಾಡಲಿ" ಅಂತಲೇ ಮೊದಲು ಹೇಳುತ್ತಾನೆ. ಆದರೆ ಆಸೆಪಟ್ಟ ಮಾತ್ರಕ್ಕೆ ಅದು ದೇವರ ಮಾತಾಗುವುದಿಲ್ಲ. ಹನನ್ಯ ಅದೇ ವರ್ಷ ಏಳನೆಯ ತಿಂಗಳಲ್ಲಿ ಸತ್ತ. ವಸ್ತುಗಳು ವಾಪಸ್ ಬರುವುದಿರಲಿ, ಕೆಲವೇ ವರ್ಷಗಳಲ್ಲಿ ದೇವಾಲಯವೇ ಸುಟ್ಟುಹೋಯಿತು. ಇವತ್ತು ನಮ್ಮ ವೇದಿಕೆಗಳಲ್ಲಿ ಹನನ್ಯರು ಬಹಳ ಜನ ಇದ್ದಾರೆ. ಈ ತಿಂಗಳೇ ಸಾಲ ತೀರುತ್ತದೆ, ಮೂರು ತಿಂಗಳಲ್ಲಿ ಗರ್ಭ ಧರಿಸುತ್ತೀರಿ, ಕ್ಯಾನ್ಸರ್ ಈಗಲೇ ಹೋಯಿತು, ಮಾತ್ರೆ ಬಿಟ್ಟುಬಿಡಿ. ಆ ಮಾತು ನಂಬಿ ಮಾತ್ರೆ ಬಿಟ್ಟು, ಆಮೇಲೆ ಮೂಲೆಯಲ್ಲಿ ಕೂತು "ನನ್ನ ನಂಬಿಕೆಯೇ ಸಾಲದಾಯಿತೇನೋ" ಅಂತ ಅತ್ತ ತಾಯಿಯನ್ನು ನಾನು ಕಂಡಿದ್ದೇನೆ. ಪ್ರವಾದನೆ ಹೇಳಿದವರು ಆ ಮನೆಗೆ ಮತ್ತೆ ಬರಲಿಲ್ಲ.

ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ ಅಂತ ಧರ್ಮೋಪದೇಶಕಾಂಡ 18:22 ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ಸಭೆಯಲ್ಲಿ ಬಂದ ಪ್ರವಾದನೆಯನ್ನು ತಾರೀಖು ಹಾಕಿ ಬರೆದಿಡಿ. ನಡೆಯದಿದ್ದರೆ ಹೇಳಿದವರನ್ನು ಕೂರಿಸಿ ಕೇಳಿ. ಇದು ಕಠಿಣ ಅನ್ನಿಸಬಹುದು. ಕೇಳದೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2023ರಲ್ಲಿ ಕೀನ್ಯಾದ ಶಾಕಹೋಲಾ ಕಾಡು ಇದೆ. ಅಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆದರು, ಅವರಲ್ಲಿ ಮಕ್ಕಳೂ ಇದ್ದರು. ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುತ್ತೀರಿ ಅಂತ ಒಬ್ಬ ಬೋಧಕ ಕಲಿಸಿದ ಅನ್ನುವುದು ಅವನ ಮೇಲಿನ ಆರೋಪ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದ ಹೇಳುತ್ತಾರೆ: ದೇವನೊಬ್ಬ, ನಾಮ ಹಲವು, ನೀವು ಯೇಸು ಅಂತೀರಿ, ನಾವು ಶಿವ ಅಂತೀವಿ, ಅಷ್ಟೇ. ನಮ್ಮ ಮಕ್ಕಳು ಹೌದು ಅನ್ನಬೇಕಾ, ಅಲ್ಲ ಅನ್ನಬೇಕಾ? ಹೌದು ಅಂದರೆ, ನನ್ನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರುವುದಿಲ್ಲ ಅಂತ ಯೇಸು ಹೇಳಿದ ಯೋಹಾನ 14:6 ಏನಾಯಿತು? ಅಲ್ಲ ಅಂದರೆ ಸ್ನೇಹ ಏನಾದೀತು? ಕೆಲವು ಸಭೆಗಳು ಈ ವಚನವನ್ನೇ ಬದಿಗಿಟ್ಟಿವೆ. ಇನ್ನು ಕೆಲವರು ಮೈಕ್ ಹಿಡಿದು ಬೇರೆಯವರ ದೇವರುಗಳನ್ನು ಬೈಯುತ್ತಾರೆ. ಎರಡೂ ಅಪೊಸ್ತಲರ ದಾರಿಯಲ್ಲ.

ಪೌಲ ಅಥೇನೆಯಲ್ಲಿ ವಿಗ್ರಹಗಳನ್ನು ಕಂಡು ಒಳಗೊಳಗೇ ನೊಂದ. ಆದರೆ ಒಂದನ್ನೂ ಮುಟ್ಟಲಿಲ್ಲ. ನಿಮ್ಮವರೇ ಆದ ಕವಿಗಳು ಹೀಗೆ ಹೇಳಿದ್ದಾರೆ ಅಂತ ಅವರ ಸಾಹಿತ್ಯದಿಂದಲೇ ಮಾತು ತೆಗೆದ. ಆಮೇಲೆ ಪುನರುತ್ಥಾನವನ್ನು ನೇರವಾಗಿ ಹೇಳಿದ. ಕೆಲವರು ನಕ್ಕರು, ಕೆಲವರು ಮತ್ತೆ ಕೇಳುತ್ತೇವೆ ಅಂದರು, ಕೆಲವರು ನಂಬಿದರು. ಎಫೆಸದಲ್ಲಿ ನಡೆದದ್ದು ನನಗೆ ಇನ್ನೂ ಇಷ್ಟ. ಊರೇ ದಂಗೆ ಎದ್ದಿದೆ, ಅರ್ತೆಮೀ ದೇವಿಗೆ ಜಯಕಾರ ಹಾಕುತ್ತಾ ಎರಡು ಗಂಟೆ ಕೂಗಿದ್ದಾರೆ. ಆಗ ಪಟ್ಟಣದ ಅಧಿಕಾರಿ, ಕ್ರೈಸ್ತನಲ್ಲದವನು, ಎದ್ದು ನಿಂತು ಹೇಳುತ್ತಾನೆ: ಈ ಜನರು ನಮ್ಮ ಗುಡಿಯನ್ನು ದೋಚಿಲ್ಲ, ನಮ್ಮ ದೇವಿಯನ್ನು ದೂಷಿಸಿಲ್ಲ. ಪೌಲ ಅಲ್ಲಿ ಎರಡು ವರ್ಷಕ್ಕೂ ಮೇಲೆ ಬೋಧಿಸಿದ್ದ. ಕೈಯಿಂದ ಮಾಡಿದವು ದೇವರುಗಳಲ್ಲ ಅಂತಲೂ ಹೇಳಿದ್ದ. ಆದರೂ ಎದುರಾಳಿಯ ಬಾಯಿಂದ ಈ ಸಾಕ್ಷಿ ಬಂತು. ನಮ್ಮ ಊರಿನ ತಹಶೀಲ್ದಾರರು, ನಮ್ಮ ಬೀದಿಯ ಹಿರಿಯರು ನಮ್ಮ ಬಗ್ಗೆ ಇದೇ ಮಾತು ಹೇಳುವ ಹಾಗೆ ನಾವು ಬದುಕುತ್ತಿದ್ದೇವಾ?

ಆಮಿಷದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂವಿಧಾನದ 25ನೇ ವಿಧಿ ನಮಗೆ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. 2008ರಲ್ಲಿ ಮಂಗಳೂರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ನಾವು ಮರೆತಿಲ್ಲ. 2022ರ ಮತಾಂತರ ನಿಷೇಧ ಕಾಯ್ದೆ ತಂದ ಭಯವನ್ನೂ ಮರೆತಿಲ್ಲ. ಆ ಭಯ ನಿಜ, ಆ ಅನ್ಯಾಯಗಳೂ ನಿಜ. ಆದರೆ ಯಾವ ಕಾಯ್ದೆ ಇಲ್ಲದಿದ್ದರೂ ನಮಗೆ ಎರಡನೇ ಕೊರಿಂಥ 4:2 ಇದೆ. ನಾಚಿಕೆಯ ಗುಪ್ತ ಕೆಲಸಗಳನ್ನು ಬಿಟ್ಟೆವು, ದೇವರ ವಾಕ್ಯದಲ್ಲಿ ಮೋಸ ಬೆರೆಸುವುದಿಲ್ಲ, ಸತ್ಯವನ್ನು ಬಿಚ್ಚಿ ಹೇಳುತ್ತೇವೆ ಅಂತ ಪೌಲ ಬರೆಯುತ್ತಾನೆ. ಹಣ ತೋರಿಸಿಯೋ, ಕಾಯಿಲೆ ವಾಸಿ ಮಾಡುವ ಭರವಸೆ ಕೊಟ್ಟೋ ಕರೆತಂದವರಿಗೆ ನಾವು ಕ್ರಿಸ್ತನನ್ನು ಕೊಟ್ಟ ಹಾಗಾಗಲಿಲ್ಲ.

ಇದು ವಿದೇಶಿ ಧರ್ಮ ಅನ್ನುವ ಮಾತಿಗೂ ನಮ್ಮ ಮಕ್ಕಳು ತಲೆ ತಗ್ಗಿಸಬೇಕಿಲ್ಲ. ಕೇರಳದ ಕೊಲ್ಲಂನಲ್ಲಿ ಒಂದು ಕ್ರೈಸ್ತ ಸಭೆಗೆ ಕೊಟ್ಟ ಹಕ್ಕುಗಳನ್ನು ಬರೆದಿರುವ ತರಿಸಾಪಳ್ಳಿ ತಾಮ್ರಪಟ 849ರದು. ನಾರ್ವೆ, ಸ್ವೀಡನ್ ಕ್ರೈಸ್ತವಾಗುವ ಮೊದಲೇ ಇಲ್ಲಿ ಸಭೆ ಇತ್ತು. ಮಿಷನರಿಗಳು ಕಂಪನಿ ಆಳ್ವಿಕೆಯ ಕಾಲದಲ್ಲಿ ಬಂದರು ಅನ್ನುವುದೂ ನಿಜ, ಗೋವಾದಲ್ಲಿ ಇನ್‌ಕ್ವಿಸಿಷನ್ (ಧರ್ಮದ ಹೆಸರಿನಲ್ಲಿ ವಿಚಾರಣೆ, ಶಿಕ್ಷೆ) ನಡೆದದ್ದೂ ನಿಜ. ಅದನ್ನು ಒಪ್ಪಿಕೊಂಡೇ ಮಾತಾಡೋಣ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ವರ್ಷಗಟ್ಟಲೆ ದುಡಿದರು. 1843ರಲ್ಲಿ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಅವರೆಲ್ಲ ಕನ್ನಡಿಗರೊಂದಿಗೆ ಕನ್ನಡದಲ್ಲೇ ಮಾತಾಡಬೇಕು ಅಂತ ಹಟ ಹಿಡಿದವರು. ಇವತ್ತು ನಂಬಿಕೆಯ ಬಗ್ಗೆ ಗಟ್ಟಿ ಪ್ರಶ್ನೆ ಬಂದರೆ ಉತ್ತರ ಸಿಗುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಗದಗದ, ಹಾಸನದ, ಕೊಳ್ಳೇಗಾಲದ ಸರ್ಕಾರಿ ಶಾಲೆಯ ಮಗುವಿಗೆ ಏನು ಸಿಗುತ್ತದೆ? ಇಷ್ಟೊಂದು ದೇವಶಾಸ್ತ್ರ ಕಾಲೇಜುಗಳು ಇರುವ ರಾಜ್ಯ ನಮ್ಮದು. ಅಲ್ಲಿ ಓದಿ ಬಂದವರು ನೀವು. ನಿಮಗೆ ಗೊತ್ತಿರುವುದನ್ನು ಬೀದಿಯ ಕನ್ನಡದಲ್ಲಿ ಬರೆಯಿರಿ.

ಉತ್ತರ ಕೊಡುವವರ ಬದುಕಿನ ಬಗ್ಗೆಯೂ ಹೇಳದೆ ಇರಲಾರೆ. ಚೆನ್ನೈಯಲ್ಲಿ ಹುಟ್ಟಿದ ರವಿ ಜಕರಾಯಸ್ ಅವರ ಮಾತು ಕೇಳಿ ನಮ್ಮ ಪೀಳಿಗೆಯ ಎಷ್ಟೋ ಜನ ನಂಬಿಕೆಯನ್ನು ಸಮರ್ಥಿಸಲು ಕಲಿತರು. ಅವರು 2020ರಲ್ಲಿ ತೀರಿಕೊಂಡರು. 2021ರ ಫೆಬ್ರವರಿಯಲ್ಲಿ ಅವರದೇ ಸಂಸ್ಥೆ ಬಿಡುಗಡೆ ಮಾಡಿದ ತನಿಖಾ ವರದಿ ಅವರು ಹಲವು ಮಹಿಳೆಯರೊಂದಿಗೆ ಲೈಂಗಿಕ ದುರ್ನಡತೆ ತೋರಿದ್ದರು ಅಂತ ಹೇಳಿತು. ಮೊದಲು ದೂರಿದ ಮಹಿಳೆಯನ್ನು ನಂಬದೇ ಹೋದದ್ದಕ್ಕೆ ಸಂಸ್ಥೆ ಕ್ಷಮೆ ಕೇಳಿತು. ಅವರ ವಾದಗಳು ಅದರಿಂದ ಸುಳ್ಳಾಗಲಿಲ್ಲ. ಆದರೆ ಎಷ್ಟು ಜನರ ನಂಬಿಕೆ ಮುರಿಯಿತು! ಪಾಲಕರೇ, ನಿಮ್ಮ ಮೇಲೆ ದೂರು ಬಂದರೆ ಕೇಳಲು ಸಭೆಯಲ್ಲಿ ಯಾರಿದ್ದಾರೆ? ಲೆಕ್ಕಪತ್ರ ಯಾರು ನೋಡುತ್ತಾರೆ? ಅಭಿಷಿಕ್ತರನ್ನು ಮುಟ್ಟಬೇಡಿ ಅನ್ನುವ ವಚನವನ್ನು ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಲು ಬಳಸಬೇಡಿ. ಪೌಲನು ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ್ದು ಗಲಾತ್ಯದವರ ಪತ್ರದಲ್ಲಿ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳಿಗೆ ಒಂದು ಭಾನುವಾರ ಆರಾಧನೆ ಆದಮೇಲೆ ಒಂದು ಗಂಟೆ ಪ್ರಶ್ನೆಗೆ ಇಡಿ. ಹೆಸರು ಹಾಕದೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಓದಿ ಬಂದು ಮುಂದಿನ ಸಲ ಹೇಳುತ್ತೇನೆ ಅನ್ನಿ. ಮಕ್ಕಳು ನಿಮ್ಮನ್ನು ಅದಕ್ಕಾಗಿ ಕಡೆಗಣಿಸುವುದಿಲ್ಲ, ಇನ್ನೂ ಜಾಸ್ತಿ ನಂಬುತ್ತಾರೆ. ದುಃಖದಿಂದ ಬಂದ ಪ್ರಶ್ನೆಗೆ ವಾದ ಬೇಡ. ತಂಗಿಯನ್ನು ಕಳೆದುಕೊಂಡ ಹುಡುಗ "ದೇವರು ಎಲ್ಲಿದ್ದ?" ಅಂದರೆ ಅವನ ಮನೆಗೆ ಹೋಗಿ ಕೂರಿ. ಈ ವರ್ಷದ ಕಾರ್ಡುಗಳಲ್ಲಿ ಯೆರೆಮೀಯ 29:11 ಇದ್ದರೆ 10ನೇ ವಚನವನ್ನೂ ಸೇರಿಸಿ ಅಚ್ಚು ಹಾಕಿಸಿ.

ಬೇಕಾದರೆ ಆ ಚೀಟಿಗಳನ್ನು ವಿಂಗಡಿಸಿ ಕೊಡಲು, ಓದಬೇಕಾದ್ದನ್ನು ಹುಡುಕಿ ಕೊಡಲು ನಮ್ಮಂಥ ಸಂಡೇ ಸ್ಕೂಲ್ ಶಿಕ್ಷಕರು ಸಿದ್ಧರಿದ್ದೇವೆ. ದೃಢೀಕರಣದ ತರಗತಿಗಳು ಶುರುವಾಗುವ ಮೊದಲೇ ಇದು ಆಗಲಿ.

ನಿಮಗಾಗಿ ಪ್ರಾರ್ಥಿಸುವ,
ಧಾರವಾಡದ ಒಬ್ಬ ಸಂಡೇ ಸ್ಕೂಲ್ ಶಿಕ್ಷಕಿ